ತುಕ್ಕು ಎಲ್ಲಿಂದ ಶುರುವಾಗ್ತದೆ?

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)



ಹತ್ತು ಹದಿನೈದು ನಿಮಿಷ ಮಾತಾಡು ಎಂದು ಕಾರ್ಯದರ್ಶಿಯಣ್ಣ ಹೇಳಿದಾಗ ಎಂತದರ ಬಗ್ಗೆ ಎಂದು ಕೇಳಿದೆ. "ನಿನಗೆ ಗೊತ್ತಿರುವುದು ಎಂತಾದರೂ ಆಗಬಹುದು, ಆದರೆ ಎಲ್ಲರೂ ಹೇಳುವುದನ್ನೇ ಪುನಃ ಹೇಳಬೇಡ" ಎಂದರು. ನಾನು ಓದುವುದು ಬಿಎ, ಇತಿಹಾಸ. ರಜೆಯಲ್ಲಿ ಮಾವನ ಜೊತೆ ಪೈಂಟಿಂಗ್ ಕೆಲಸಕ್ಕೆ ಹೋಗ್ತೇನೆ. ಆ ಕೆಲಸ ಮಾಡಿದವರಿಗೆ ಗೊತ್ತುಂಟು, ಅದರಲ್ಲಿ ಪೈಂಟ್ ಹಚ್ಚುವುದು ಸ್ವಲ್ಪ, ಗೇಟಿನದ್ದೋ ಗ್ರಿಲ್ಲಿನದ್ದೋ ತುಕ್ಕು ಕೆರೆಯುವುದೇ ಹೆಚ್ಚು. ಹಾಗಾಗಿ ಇವತ್ತು ತುಕ್ಕಿನ ಬಗ್ಗೆ ಮಾತಾಡ್ತೇನೆ. ಹಿಂದೆ ಕೂತವರು ನಗ್ತಾ ಇದ್ದೀರಿ, ಪರವಾಗಿಲ್ಲ.

ಕಳೆದ ಆಟಿಯಲ್ಲಿ ನಮ್ಮಲ್ಲಿ ಒಂದು ಮನೆಯ ಸ್ಲಾಬಿನ ಅಡಿಭಾಗ ಕಳಚಿ ಬಿದ್ದದ್ದು ನಿಮಗೆಲ್ಲ ಗೊತ್ತಿದೆ. ಜಗಲಿಯ ಮೇಲೆ ಬಿತ್ತು, ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ನೋಡಲು ಬಂದ ಒಬ್ಬರು ಅಧಿಕಾರಿ ಒಂದು ಮಾತು ಹೇಳಿ ಹೋದರು: "ನಿಮ್ಮವರು ಮನೆಯನ್ನು ಸರಿಯಾಗಿ ನೋಡಿಕೊಳ್ಳುವುದಿಲ್ಲ, ಒಲೆಯ ಹೊಗೆ, ತೇವ, ಮತ್ತೆ ಕಡಲ ಗಾಳಿ, ಹೀಗೇ ಆಗುವುದು." ನಾವು ಸುಮ್ಮನೆ ಕೇಳಿದೆವು. ಉತ್ತರ ಕೊಡಲು ನಮ್ಮ ಹತ್ತಿರ ಎಂತದೂ ಇರಲಿಲ್ಲ. ಆ ಉತ್ತರವನ್ನು ಹುಡುಕಿದ್ದರ ಫಲವೇ ಈ ಭಾಷಣ.

ಮೊದಲು ತುಕ್ಕು ಎಂದರೆ ಎಂತ ಎಂದು ನೋಡೋಣ. ಶಾಲೆಯಲ್ಲಿ ಮೂರು ನಳಿಗೆ, ಮೂರು ಮೊಳೆಯ ಪ್ರಯೋಗ ಎಲ್ಲರೂ ಮಾಡಿದ್ದೇವೆ. ಒಣಗಿಸಿದ ಗಾಳಿಯಲ್ಲಿಟ್ಟ ಮೊಳೆಗೆ ತುಕ್ಕು ಬರುವುದಿಲ್ಲ. ಕುದಿಸಿ ಗಾಳಿ ತೆಗೆದು, ಮೇಲೆ ಎಣ್ಣೆ ಹೊಯ್ದ ನೀರಿನಲ್ಲಿಟ್ಟದ್ದಕ್ಕೂ ಬರುವುದಿಲ್ಲ. ಎರಡೂ ಸೇರಿದಲ್ಲಿ ಮಾತ್ರ ಬರ್ತದೆ. ನೀರೂ ಬೇಕು, ಆಮ್ಲಜನಕವೂ ಬೇಕು. ಪರೀಕ್ಷೆಗೆ ಇಷ್ಟು ಸಾಕು, ನಮ್ಮ ಊರಿಗೆ ಸಾಲದು. ಯಾಕೆಂದರೆ ಮಳೆ ಬೀಳದ ಮಾಡಿನ ಅಡಿಯಲ್ಲಿ ನೇತಾಡುವ ಕತ್ತಿಗೂ ತುಕ್ಕು ಬರ್ತದೆ, ಪೆಟ್ಟಿಗೆಯೊಳಗಿನ ಸೂಜಿಗೂ ಬರ್ತದೆ. ಅಲ್ಲಿಗೆ ನೀರು ಎಲ್ಲಿಂದ ಬಂತು?

ಗಾಳಿಯಿಂದಲೇ ಬಂತು. ಸುಮಾರು ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ವರ್ನನ್ ಎಂಬ ವಿಜ್ಞಾನಿ ಇದನ್ನೇ ವರ್ಷಗಟ್ಟಲೆ ಕೂತು ಅಳೆದ. ಗಂಧಕದ ಹೊಗೆ ಸೇರಿದ ಗಾಳಿಯಲ್ಲಿ ಕಬ್ಬಿಣದ ತುಂಡು ಇಟ್ಟು, ತೇವಾಂಶವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ತೂಕ ನೋಡಿದ. ಶೇಕಡಾ 60ರ ಹತ್ತಿರದವರೆಗೆ ಹೆಚ್ಚೇನೂ ಆಗಲಿಲ್ಲ, ಅದನ್ನು ದಾಟಿದ ಮೇಲೆ ತುಕ್ಕು ಒಮ್ಮೆಲೇ ಓಡತೊಡಗಿತು. ಕಬ್ಬಿಣದ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಕಟ್ಟುವುದೇ ಕಾರಣ. ಮುಟ್ಟಿದರೆ ಕೈ ಒದ್ದೆಯಾಗುವುದಿಲ್ಲ, ಆದರೆ ತುಕ್ಕಿಗೆ ಅಷ್ಟೇ ನೀರು ಧಾರಾಳ ಸಾಕು.

ಇನ್ನು ಕಾಸರಗೋಡಿಗೆ ಬನ್ನಿ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಮಳೆಗಾಲದಲ್ಲಿ ತೇವಾಂಶ 60ಕ್ಕೆ ಇಳಿಯುವುದೇ ಇಲ್ಲ, ಬೇಸಿಗೆಯ ರಾತ್ರಿಯೂ ಹೆಚ್ಚು ಕಡಿಮೆ ಹಾಗೆಯೇ. ಅದರ ಮೇಲೆ ಉಪ್ಪು. ಭರಣಿಯಲ್ಲಿಟ್ಟ ಉಪ್ಪು ಮಳೆಗಾಲದಲ್ಲಿ ನೀರು ಬಿಡುವುದನ್ನು ಅಮ್ಮಂದಿರು ನೋಡಿಯೇ ಇದ್ದೀರಿ. ತೇವಾಂಶ 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದ ನೀರೆಳೆದು ತಾನೇ ಕರಗ್ತದೆ. ಕಡಲುಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಎಂಬುದೂ ಉಂಟು, ಅದು ಇನ್ನೂ ಒಣ ಗಾಳಿಯಿಂದಲೂ ನೀರು ಹೀರಬಲ್ಲದು. ತೆರೆ ಒಡೆದಾಗ ಹಾರುವ ಸಣ್ಣ ಹನಿಗಳು ಗಾಳಿಯಲ್ಲಿ ಬಂದು ನಮ್ಮ ಗ್ರಿಲ್ಲಿನ ಮೇಲೆ ಕೂತುಕೊಳ್ತವೆ. ನೀರು ಆರಿದರೂ ಉಪ್ಪು ಅಲ್ಲೇ ಉಳಿಯುತ್ತದೆ. ಸಂಜೆ ಗಾಳಿ ತೇವವಾದ ಕೂಡಲೇ ಆ ಉಪ್ಪು ಪುನಃ ನೀರನ್ನು ಕರೆಯುತ್ತದೆ.

ಇಲ್ಲಿ ಒಂದು ವಿಚಿತ್ರ ಉಂಟು. ಮಳೆ ಬೀಳುವ ಕಡೆಗಿಂತ ಮಳೆ ಬೀಳದ ಕಡೆ ತುಕ್ಕು ಜಾಸ್ತಿ ಇರುವುದನ್ನು ನಾನು ಎಷ್ಟೋ ಗೇಟಿನಲ್ಲಿ ನೋಡಿದ್ದೇನೆ. ಮಳೆ ಉಪ್ಪನ್ನು ತೊಳೆಯುತ್ತದೆ, ಶೀಟಿನ ಅಡಿಬದಿಯನ್ನು ತೊಳೆಯುವವರು ಯಾರೂ ಇಲ್ಲ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಗ್ರಿಲ್ಲಿಗೂ ಶೀಟಿನ ಅಡಿಗೂ ಸಿಹಿನೀರು ಹಾಯಿಸಿದರೆ ಒಂದು ಡಬ್ಬ ಪೈಂಟಿನ ಖರ್ಚು ಉಳಿಯಬಹುದು. ಬಾವಿಯಲ್ಲಿ ನೀರಿದ್ದರೆ, ಅಷ್ಟೇ.

ಇನ್ನೊಂದು ವಿಚಿತ್ರ. ಶೀಟಿನ ಮಾಡು ಎಲ್ಲಿ ಮೊದಲು ತೂತಾಗ್ತದೆ? ನಡುವಿನಲ್ಲಿ ಅಲ್ಲ. ಸ್ಕ್ರೂವಿನ ವಾಶರಿನ ಅಡಿ, ಇಲ್ಲವೇ ಒಂದು ಶೀಟಿನ ಮೇಲೆ ಇನ್ನೊಂದು ಶೀಟು ಕೂತಲ್ಲಿ. ಅಲ್ಲಿಗೆ ಗಾಳಿ ಸರಿಯಾಗಿ ಹೋಗುವುದಿಲ್ಲ, ಆದರೂ ಅಲ್ಲೇ ತಿನ್ನುತ್ತದೆ. ಕೇಂಬ್ರಿಜಿನ ಯೂಲಿಕ್ ಇವಾನ್ಸ್ ಎಂಬವರು ಇದನ್ನು ಒಂದೇ ಒಂದು ಹನಿ ಉಪ್ಪುನೀರಿನಲ್ಲಿ ತೋರಿಸಿದರು. ಸ್ವಚ್ಛ ಕಬ್ಬಿಣದ ಮೇಲೆ ಆ ಹನಿ ಇಡಿ. ಹನಿಯ ಅಂಚಿಗೆ ಆಮ್ಲಜನಕ ಬೇಗ ಸಿಗ್ತದೆ, ನಡುವಿಗೆ ಸಿಗುವುದಿಲ್ಲ. ಆಮ್ಲಜನಕ ಕಡಿಮೆ ಇರುವ ನಡುಭಾಗದಲ್ಲಿ ಕಬ್ಬಿಣ ಕರಗುತ್ತದೆ, ಅದರಿಂದ ಹೊರಟ ಇಲೆಕ್ಟ್ರಾನುಗಳು ಲೋಹದೊಳಗಿಂದಲೇ ಹರಿದು ಅಂಚಿನ ಆಮ್ಲಜನಕವನ್ನು ಸೇರುತ್ತವೆ. ಕೆಂಪು ಉಂಗುರ ಕಟ್ಟುವುದು ಒಂದು ಕಡೆ, ಲೋಹ ಸವೆಯುವುದು ಇನ್ನೊಂದು ಕಡೆ. ಅಂದರೆ ತುಕ್ಕು ಎಂಬುದು ಒಂದು ಸಣ್ಣ ಬ್ಯಾಟರಿ. ಕೆಂಪು ಕಂಡಲ್ಲೇ ಪೆಟ್ಟು ಬಿದ್ದಿದೆ ಎಂದು ತಿಳಿಯಬಾರದು, ಮುಚ್ಚಿಹೋದ ಜಾಗವನ್ನು ಮೊದಲು ನೋಡಬೇಕು. ತುಕ್ಕನ್ನು ಸರಿಯಾಗಿ ಕೆರೆಯದೆ ಮೇಲಿಂದ ಪೈಂಟ್ ಹೊಡೆದರೆ ಆರೇ ತಿಂಗಳಲ್ಲಿ ಬಣ್ಣ ಉಬ್ಬಿ ಏಳುವುದೂ ಇದೇ ಕಾರಣಕ್ಕೆ. ಮಾವನಿಗೆ ಇವಾನ್ಸ್ ಯಾರೆಂದು ಗೊತ್ತಿಲ್ಲ, ಆದರೆ ಕೆರೆಯದೆ ಬಣ್ಣ ಮುಟ್ಟಲು ಬಿಡುವುದಿಲ್ಲ.

ಜಿಐ ಶೀಟಿನ ಮೇಲೆ ಸತು ಇರುತ್ತದೆ. ಗೀರು ಬಿದ್ದರೂ ಸುತ್ತಲಿನ ಸತು ತಾನು ಮೊದಲು ಕರಗಿ ಕಬ್ಬಿಣವನ್ನು ಉಳಿಸ್ತದೆ. ಆ ಸತು ಮುಗಿಯುವ ತನಕ ಮಾತ್ರ. ತೆಳು ಶೀಟಿನಲ್ಲಿ ಸತುವೂ ತೆಳು, ಹಾಗಾಗಿ ಕಡಿಮೆ ರೇಟಿನ ಶೀಟು ಎಷ್ಟು ವರ್ಷ ಬಾಳಬಹುದು ಎಂದು ನೀವೇ ಲೆಕ್ಕ ಹಾಕಿ.

ಇತಿಹಾಸದ ವಿದ್ಯಾರ್ಥಿಯಾಗಿ ದೆಹಲಿಯ ಕಬ್ಬಿಣದ ಕಂಬವನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಸುಮಾರು 1,600 ವರ್ಷ ಹಳೆಯದು, ಏಳು ಮೀಟರಿನಷ್ಟು ಎತ್ತರ, ಆರು ಟನ್ನಿಗಿಂತ ಹೆಚ್ಚು ತೂಕ. ಐಐಟಿ ಕಾನ್ಪುರದ ಆರ್. ಬಾಲಸುಬ್ರಹ್ಮಣ್ಯಂ ಅದರ ಮೇಲೆ ತುಂಬಾ ಸಂಶೋಧನೆ ಮಾಡಿದರು. ಆ ಕಬ್ಬಿಣದಲ್ಲಿ ರಂಜಕ ಹೆಚ್ಚು ಇರುವುದರಿಂದ ಮೈಮೇಲೆ ಒಂದು ತೆಳು ರಕ್ಷಣೆಯ ಪದರ ಕಟ್ಟಿಕೊಂಡಿದೆ ಎಂದು ತೋರಿಸಿದರು. ಅಲ್ಲಿಯ ಒಣ ಹವೆಯೂ ಸಹಾಯ ಮಾಡಿದೆ. ಹವೆ ಮಾತ್ರವೇ ಕಾರಣ ಅಲ್ಲ ಅನ್ನುವವರು ಕೊಲ್ಲೂರಿಗೆ ಹೋದಾಗ ಮೇಲೆ ಕೊಡಚಾದ್ರಿಗೂ ಹತ್ತಿ, ಅಲ್ಲಿಯ ಜಡಿಮಳೆಯಲ್ಲಿ ನಿಂತಿರುವ ಹಳೆಯ ಕಬ್ಬಿಣದ ಕಂಬವನ್ನೂ ನೋಡಿ ಬರಬಹುದು. ದೆಹಲಿಯ ಕಂಬದ ಮೇಲಿನ ಶಾಸನದಲ್ಲಿ ಚಂದ್ರ ಎಂಬ ರಾಜನ ಹೊಗಳಿಕೆ ಇದೆ. ಅದಿರು ಕರಗಿಸಿದವರ, ಬಡಿದು ಕಂಬ ಮಾಡಿದವರ ಹೆಸರು ಇಲ್ಲ. ಇದ್ದಿದ್ದರೆ ನಾವು ಬಿಎಯಲ್ಲಿ ಓದುವ ಪಟ್ಟಿ ಬೇರೆಯೇ ಇರುತ್ತಿತ್ತು.

ಈಗ ಸ್ಲಾಬಿಗೆ ಬರ್ತೇನೆ. ಕಾಂಕ್ರೀಟಿನೊಳಗಿನ ಕಂಬಿಗೆ ಸಾಮಾನ್ಯವಾಗಿ ತುಕ್ಕು ಬರಬಾರದು. ಸಿಮೆಂಟು ತುಂಬಾ ಕ್ಷಾರ, ಅದರ ಪಿಎಚ್ 12ಕ್ಕಿಂತ ಮೇಲೆ. ಅಂಥ ಕ್ಷಾರದಲ್ಲಿ ಕಂಬಿಯ ಮೈಮೇಲೆ ಒಂದು ಪೊರೆ ಕಟ್ಟಿ ಅದನ್ನು ಕಾಯ್ತದೆ. ಆ ಪೊರೆಯನ್ನು ಎರಡು ದಾರಿಯಲ್ಲಿ ಮುರಿಯಬಹುದು. ಗಾಳಿಯ ಇಂಗಾಲದ ಡೈಆಕ್ಸೈಡು ವರ್ಷ ವರ್ಷ ಸ್ವಲ್ಪ ಸ್ವಲ್ಪ ಒಳಗೆ ಹೋಗಿ ಕ್ಷಾರವನ್ನು ಕಡಿಮೆ ಮಾಡ್ತದೆ, ಇದು ಒಂದು. ಉಪ್ಪಿನ ಕ್ಲೋರೈಡು ಕಂಬಿಯ ತನಕ ತಲುಪಿ ಪೊರೆಯನ್ನು ತೂತು ಮಾಡ್ತದೆ, ಇದು ಎರಡನೆಯದ್ದು. ಕ್ಲೋರೈಡು ಹೊರಗಿನ ಗಾಳಿಯಿಂದಲೇ ಬರಬೇಕೆಂದಿಲ್ಲ. ತೊಳೆಯದ ಕಡಲ ಹೊಯ್ಗೆಯಲ್ಲಿ ಕಾಂಕ್ರೀಟು ಕಲಸಿದರೆ ಮನೆ ಒಕ್ಕಲಿನ ದಿನದಿಂದಲೇ ಅದು ಒಳಗೆ ಇರುತ್ತದೆ. ಪೊರೆ ಹೋದ ಮೇಲೆ ತುಕ್ಕು ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಒಳಗೆ ಜಾಗ ಎಲ್ಲಿ? ಕಾಂಕ್ರೀಟನ್ನು ಸೀಳಿ ಮಾಡಿಕೊಳ್ತದೆ. ಮೊದಲು ಕಂದು ಕಲೆ, ಆಮೇಲೆ ಕಂಬಿ ಹೋದ ದಾರಿಯಲ್ಲೇ ನೇರವಾದ ಬಿರುಕು, ಕೊನೆಗೆ ಚಕ್ಕೆ ಕೆಳಗೆ.

ಹೊರಗಿನ ಗಾಳಿಗೂ ಕಂಬಿಗೂ ನಡುವೆ ಎಷ್ಟು ದಪ್ಪ ಕಾಂಕ್ರೀಟು ಇದೆ ಎಂಬುದರ ಮೇಲೆ ಇದೆಲ್ಲ ನಿಂತಿದೆ. ಇದಕ್ಕೆ ಕವರ್ ಅನ್ನುತ್ತಾರೆ. ಇದು ಮೇಸ್ತ್ರಿಯ ಮರ್ಜಿಗೆ ಬಿಟ್ಟ ವಿಷಯವಲ್ಲ, ಐಎಸ್ 456 ಎಂಬ ಭಾರತೀಯ ಮಾನಕದಲ್ಲಿ ಬರೆದಿಟ್ಟಿದೆ. ಮಳೆ ಗಾಳಿಯಿಂದ ರಕ್ಷಣೆ ಇರುವ ಜಾಗಕ್ಕೆ 20 ಮಿಲಿಮೀಟರ್, ಉಪ್ಪುಗಾಳಿ ಇರುವ ಊರಿನಲ್ಲಿ ಮರೆಯಲ್ಲಿರುವ ಭಾಗಕ್ಕೆ 30, ಕಡಲ ಹವೆಗೆ ಮೈಯೊಡ್ಡಿ ನಿಂತ ಕಾಂಕ್ರೀಟಿಗೆ 45. ಕಂಬಿ ಕಟ್ಟುವಾಗ ಅಡಿಗೆ ಕವರ್ ಬ್ಲಾಕ್ ಎಂಬ ಸಣ್ಣ ಸಿಮೆಂಟು ತುಂಡು ಇಡುವುದು ಇದಕ್ಕೇ. ಅದನ್ನು ಇಡದೆ ಕಾಂಕ್ರೀಟು ಹಾಕಿ ಮೇಲೆ ನಡೆದರೆ ಕಂಬಿ ಹಲಗೆಯ ಮೇಲೆಯೇ ಕೂತುಬಿಡುತ್ತದೆ.

ನಾನೂ ಇಬ್ಬರು ಗೆಳೆಯರೂ ಆ ಜಗಲಿಯಲ್ಲಿ ಬಿದ್ದ ಚಕ್ಕೆಗಳನ್ನು ಹೆಕ್ಕಿ ಸ್ಕೇಲು ಹಿಡಿದೆವು. ಕಂಬಿಯ ಗುರುತಿನಿಂದ ಹೊರಮೈಯವರೆಗೆ ಅಳೆದರೆ ಒಂದರಲ್ಲೂ 10 ಮಿಲಿಮೀಟರ್ ಇರಲಿಲ್ಲ, ಅದರಲ್ಲೂ ಒಂದು ಪಾಲು ಬರೀ ಸಾರಣೆ. ಒಲೆಯ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡು ಇರುವುದು ಸುಳ್ಳಲ್ಲ. ಆದರೆ ಬಿದ್ದದ್ದು ಅಡುಗೆಕೋಣೆ ಅಲ್ಲ, ಜಗಲಿ. ಕಡಲ ಗಾಳಿ ಎಂಬುದೂ ಉತ್ತರ ಅಲ್ಲ. ಪಾಂಬನ್ ರೈಲು ಸೇತುವೆ 1914ರಿಂದ ಕಡಲಿನ ನಡುವೆಯೇ ನಿಂತಿತ್ತು, 2022ರ ಡಿಸೆಂಬರಿನವರೆಗೆ ಅದರ ಮೇಲೆ ರೈಲು ಓಡಿತು. ಕಡಲ ಗಾಳಿಗೆ ಲೋಹ ಹೇಗೆ ಸವೆಯುತ್ತದೆ ಎಂದು ಪರೀಕ್ಷಿಸಲು ಕಾರೈಕುಡಿಯ ಕೇಂದ್ರೀಯ ವಿದ್ಯುತ್‌ರಸಾಯನ ಸಂಶೋಧನಾ ಸಂಸ್ಥೆಯವರು ಆ ಸೇತುವೆಯ ಹತ್ತಿರದ ಮಂಡಪದಲ್ಲಿಯೇ ಒಂದು ಕೇಂದ್ರ ಇಟ್ಟಿದ್ದಾರೆ. ಅಂಥ ಜಾಗದಲ್ಲಿ ಸೇತುವೆ ನೂರು ವರ್ಷ ದಾಟಿದ್ದು ಅದಕ್ಕೆ ಬಣ್ಣ ಬಳಿಯುವವರು, ಸವೆದ ತುಂಡು ಬದಲಿಸುವವರು ಇದ್ದದ್ದರಿಂದ. ನಮ್ಮ ಸ್ಲಾಬಿಗೆ ಇರಬೇಕಾಗಿದ್ದದ್ದು ಒಂದು ಹಿಡಿ ಕವರ್ ಬ್ಲಾಕ್.

ಕಾಲೊನಿ ಎಂಬ ಹೆಸರು ಬೇಡ, ನಗರ ಎಂದೋ ಬೇರೆ ಎಂತಾದರೂ ಇಟ್ಟುಕೊಳ್ಳಿ ಎಂದು 2024ರ ಜೂನಿನಲ್ಲಿ ಕೇರಳ ಸರಕಾರ ಆದೇಶ ಮಾಡಿತು. ಒಳ್ಳೆಯದೇ, ನಾನು ಸ್ವಾಗತಿಸುತ್ತೇನೆ. ಆ ಹೆಸರನ್ನು ವಿಳಾಸದಲ್ಲಿ ಬರೆಯಲು ನಾಚಿದ ಎಷ್ಟೋ ಮಕ್ಕಳು ಇಲ್ಲಿ ಕೂತಿದ್ದಾರೆ. ಬೋರ್ಡು ಬದಲಾಯಿತು. ಸ್ಲಾಬಿನೊಳಗಿನ ಕಂಬಿ ಹಾಗೆಯೇ ಉಂಟು.

ಆದ್ದರಿಂದ ಯಾವ ಮನೆಯಲ್ಲಿ ಕಂಬಿಯ ದಾರಿಯಲ್ಲೇ ಬಿರುಕು ಕಾಣ್ತದೋ ಅವರು ಅದರ ಅಡಿಯಲ್ಲಿ ಮಲಗಬೇಡಿ, ಮಕ್ಕಳನ್ನು ಆಡಲು ಬಿಡಬೇಡಿ. ಬಿರುಕಿನ ಮೇಲೆ ಸಿಮೆಂಟು ಮೆತ್ತಿ ಸುಮ್ಮನಾಗಬೇಡಿ, ಒಳಗೆ ತುಕ್ಕು ನಿಲ್ಲುವುದಿಲ್ಲ, ಮೆತ್ತಿದ್ದೂ ಸೇರಿ ಬೀಳ್ತದೆ. ಸಡಿಲವಾದದ್ದನ್ನೆಲ್ಲ ಕೆತ್ತಿ, ಕಂಬಿಯ ಹಿಂಬದಿಯೂ ಕಾಣುವಷ್ಟು ಬಿಡಿಸಿ, ಹೊಳಪು ಬರುವ ತನಕ ಉಜ್ಜಿ, ತುಕ್ಕು ತಡೆಯುವ ಪ್ರೈಮರ್ ಕೊಟ್ಟು, ಆಮೇಲೆ ಒಳ್ಳೆಯ ಗಾರೆ ತುಂಬಬೇಕು. ಕಂಬಿ ತುಂಬಾ ಸಪೂರ ಆಗಿದ್ದರೆ ಅದು ನಮ್ಮ ಕೈಯ ಕೆಲಸವಲ್ಲ, ಎಂಜಿನಿಯರ್ ಬರಬೇಕು. ಮನೆ ಕಟ್ಟಿದ ಎಸ್ಟಿಮೇಟಿನ ಮತ್ತು ಎಂ ಬುಕ್ಕಿನ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಇನ್ನೊಂದು ವಿಷಯ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ಅಲ್ಪಸಂಖ್ಯಾತರು ಕನ್ನಡದಲ್ಲೇ ಸರಕಾರದ ಜೊತೆ ಪತ್ರವ್ಯವಹಾರ ಮಾಡಬಹುದು ಎಂದಿದೆ. ತುಕ್ಕಿಗೆ ಮಲಯಾಳದಲ್ಲಿ 'ತುರುಂಬು' ಎನ್ನುತ್ತಾರೆಂದು ಗೊತ್ತಿಲ್ಲದವರೂ ಅರ್ಜಿ ಬರೆಯಬಹುದು.

ಇನ್ನೊಂದು ವಿಷಯ ಉಂಟು. ನಾನು ತುಕ್ಕಿನ ಬಗ್ಗೆ ಓದತೊಡಗಿದ್ದು ಸ್ಲಾಬಿನಿಂದಾಗಿ. ಆದರೆ ಓದುತ್ತಾ ನನ್ನನ್ನು ನಿಜಕ್ಕೂ ಹೆದರಿಸಿದ್ದು ಇದು.

ಈ ಮೇಜಿನ ಮೇಲೆ ಒಂದು ಗಾಜಿನ ಬಾಟ್ಲಿ ಕವುಚಿ ಇಟ್ಟಿದ್ದೇನೆ, ಮುಂದೆ ಕೂತವರಿಗೆ ಕಾಣ್ತದೆ. ವರ್ಕ್‌ಶಾಪಿನಿಂದ ಕಬ್ಬಿಣದ ಹುಡಿ ತಂದು, ಸೋಪಿನಲ್ಲಿ ಎಣ್ಣೆ ತೊಳೆದು, ಒದ್ದೆ ಬಾಟ್ಲಿಯ ಒಳಮೈಗೆ ಅಂಟಿಸಿ, ನೀರಿನ ತಟ್ಟೆಯಲ್ಲಿ ಕವುಚಿದ್ದು ನಾಲ್ಕು ದಿನದ ಹಿಂದೆ. ಆವತ್ತು ನೀರು ಬಾಟ್ಲಿಯ ಬಾಯಿಯಲ್ಲಿತ್ತು. ಈಗ ನೋಡಿ, ಐದರಲ್ಲಿ ಒಂದು ಪಾಲಿನಷ್ಟು ಮೇಲೆ ಏರಿದೆ. ಯಾಕೆಂದರೆ ಗಾಳಿಯಲ್ಲಿ ಆಮ್ಲಜನಕ ಇರುವುದು ಶೇಕಡಾ 21, ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು. ಅಷ್ಟನ್ನೂ ಕಬ್ಬಿಣ ಕುಡಿದು ಮುಗಿಸಿದೆ. ಬಾಟ್ಲಿಯಲ್ಲಿ ಉಳಿದದ್ದು ಗಾಳಿಯಂತೆಯೇ ಕಾಣ್ತದೆ, ಬಣ್ಣ ಇಲ್ಲ, ವಾಸನೆ ಇಲ್ಲ. ಅದರಲ್ಲಿ ಉಸಿರಾಡಿದರೆ ಮನುಷ್ಯ ಉಳಿಯುವುದಿಲ್ಲ.

ಈ ಬಾಟ್ಲಿಯನ್ನು ದೊಡ್ಡದು ಮಾಡಿ ನೋಡಿ. ಮುಚ್ಚಳ ಹಾಕಿ ತಿಂಗಳುಗಟ್ಟಲೆ ಬಿಟ್ಟ ಕಬ್ಬಿಣದ ಟ್ಯಾಂಕಿ. ಒಳಗೆ ಸ್ವಲ್ಪ ತೇವ, ಗೋಡೆಯಿಡೀ ತುಕ್ಕು. ಹಡಗಿನ ಖಾಲಿ ಟ್ಯಾಂಕಿಗಳಲ್ಲಿ ಹೀಗೆ ಕೆಲಸಗಾರರು ಸತ್ತದ್ದು ಹಲವು ದೇಶಗಳಲ್ಲಿ ದಾಖಲಾಗಿದೆ. ಯಾವ ವಿಷವೂ ಇರಲಿಲ್ಲ, ಬರೀ ತುಕ್ಕು. ಗಾಳಿಯಲ್ಲಿ ಆಮ್ಲಜನಕ ಶೇಕಡಾ 19.5ಕ್ಕಿಂತ ಕೆಳಗೆ ಇಳಿದರೆ ಅಂಥ ಜಾಗಕ್ಕೆ ಹಾಗೆಯೇ ಇಳಿಯಬಾರದು ಎಂಬುದು ಸುರಕ್ಷತೆಯ ನಿಯಮ. ತುಂಬಾ ಕಡಿಮೆಯಾದರೆ ಉಸಿರು ಕಟ್ಟಿದ ಹಾಗೆ ಕೂಡ ಅನ್ನಿಸುವುದಿಲ್ಲ, ಒಂದೆರಡು ಉಸಿರಿನಲ್ಲಿ ಪ್ರಜ್ಞೆ ಹೋಗ್ತದೆ.

ಚರಂಡಿಯ ಗುಂಡಿ, ಶೌಚದ ಟ್ಯಾಂಕಿ, ಮೀನಿನ ತ್ಯಾಜ್ಯದ ತೊಟ್ಟಿ ಇದಕ್ಕಿಂತ ಕೆಟ್ಟದು. ಅಲ್ಲಿ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಮುಗಿಸಿ ಹೈಡ್ರೋಜನ್ ಸಲ್ಫೈಡನ್ನು ಬಿಡ್ತವೆ. ಆ ಅನಿಲ ತೇವದ ಗೋಡೆಗೆ ತಾಗಿದಲ್ಲಿ ಇನ್ನೊಂದು ಬಗೆಯ ಸೂಕ್ಷ್ಮಜೀವಿ ಅದನ್ನು ಗಂಧಕಾಮ್ಲ ಮಾಡ್ತದೆ. ಗುಂಡಿಯೊಳಗಿನ ಕಬ್ಬಿಣದ ಮೆಟ್ಟಿಲು ತಿಂದುಹೋಗಿ ಮುಟ್ಟಿದರೆ ಕಳಚುವುದು, ಕಾಂಕ್ರೀಟು ಮೊಸರಿನಂತೆ ಮೆತ್ತಗಾಗುವುದು ಇದರಿಂದ. ಮುಚ್ಚಳ ತೆಗೆದು ನೋಡಿದಾಗ ಮೆಟ್ಟಿಲು ಹಾಗೆ ತಿಂದುಹೋಗಿದ್ದರೆ ಅಲ್ಲಿ ಆ ಅನಿಲ ವರ್ಷಗಟ್ಟಲೆ ವಾಸ ಮಾಡಿದೆ ಎಂದೇ ಓದಬೇಕು. ಕೊಳೆತ ಮೊಟ್ಟೆಯ ವಾಸನೆ ಬರ್ತದಲ್ಲ, ಗೊತ್ತಾಗ್ತದೆ ಎಂದು ನಂಬಬೇಡಿ. ಹತ್ತು ಲಕ್ಷದಲ್ಲಿ ನೂರು ಪಾಲು ಆದಾಗಲೇ ಮೂಗು ಸೋಲ್ತದೆ, ವಾಸನೆ ನಿಂತು ಹೋಗ್ತದೆ. ದೀಪ ಇಳಿಸಿ ನೋಡುವ ಹಳೆಯ ಕ್ರಮವೂ ಇಲ್ಲಿ ಮೋಸ ಮಾಡ್ತದೆ. ದೀಪ ಉರಿಯುತ್ತಿರುವಾಗಲೇ ಈ ಅನಿಲ ಮನುಷ್ಯನನ್ನು ಕೊಲ್ಲಬಲ್ಲದು, ಮೀಥೇನ್ ಇದ್ದರೆ ದೀಪದಿಂದಲೇ ಬೆಂಕಿ ಹೊತ್ತಬಹುದು.

2015ರ ನವೆಂಬರಿನಲ್ಲಿ ಕೋಯಿಕ್ಕೋಡಿನ ಒಂದು ಚರಂಡಿ ಗುಂಡಿಯಲ್ಲಿ ಆಂಧ್ರದ ಇಬ್ಬರು ಕೆಲಸಗಾರರು ಸತ್ತರು. ಅವರನ್ನು ಎತ್ತಲು ಇಳಿದ ರಿಕ್ಷಾ ಚಾಲಕನೂ ಸತ್ತ. 2022ರ ಏಪ್ರಿಲಿನಲ್ಲಿ ಮಂಗಳೂರಿನ ಹತ್ತಿರ ಮೀನು ಸಂಸ್ಕರಣೆಯ ಒಂದು ಕಾರ್ಖಾನೆಯ ತೊಟ್ಟಿಯಲ್ಲಿ ಬಂಗಾಳದಿಂದ ಬಂದಿದ್ದ ಐವರು ಸತ್ತರು. ಅಲ್ಲಿಯೂ ಮೊದಲು ಒಬ್ಬ ಬಿದ್ದ, ಉಳಿದವರು ಅವನನ್ನು ಎತ್ತಲು ಹೋದರು. ಬಿದ್ದವನನ್ನು ಕಂಡರೆ ನಾವೂ ಹಾರುತ್ತೇವೆ, ನಮ್ಮ ಮಕ್ಕಳ ಸ್ವಭಾವ ಅದು. ಹಾರಬಾರದು. ಹಗ್ಗ, ಹೊರಗಿನ ಗಾಳಿ ಊದುವ ವ್ಯವಸ್ಥೆ, ಅಗ್ನಿಶಾಮಕಕ್ಕೆ 101.

ಇಂಥ ಕೆಲಸಕ್ಕೆ ಫೋನು ಬರುವುದು ಯಾರಿಗೆ? ಪೇಟೆಯ ಫ್ಲಾಟಿನಲ್ಲಿ ಟ್ಯಾಂಕಿ ತುಂಬಿದರೆ ಫ್ಲಾಟಿನ ಹುಡುಗರನ್ನು ಯಾರೂ ಕರೆಯುವುದಿಲ್ಲ. ಒಂದು ದಿನಕ್ಕೆ ಎರಡು ದಿನದ ಸಂಬಳ, ಮೇಲೆ ಒಂದು ಕ್ವಾರ್ಟರು ಎಂದು ಹೇಳಿ ನಮ್ಮವರನ್ನೇ ಕರೆಯುವುದು. ರಕ್ಷಣೆಯ ಸಾಮಾನಿಲ್ಲದೆ ಮನುಷ್ಯನನ್ನು ಚರಂಡಿಗೋ ಶೌಚದ ಟ್ಯಾಂಕಿಗೋ ಇಳಿಸುವುದನ್ನು 2013ರ ಕಾಯ್ದೆ ಅಪರಾಧ ಎನ್ನುತ್ತದೆ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮತ್ತು ಅವರ ಸಫಾಯಿ ಕರ್ಮಚಾರಿ ಆಂದೋಲನ ಕೋರ್ಟಿಗೆ ಹೋಗಿ ಹೋರಾಡಿದ್ದರಿಂದ, 1993ರ ನಂತರ ಹೀಗೆ ಸತ್ತವರ ಮನೆಯವರಿಗೆ ಹತ್ತು ಲಕ್ಷ ಕೊಡಬೇಕೆಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2023ರ ಅಕ್ಟೋಬರಿನಲ್ಲಿ ಬೇರೊಂದು ತೀರ್ಪಿನಲ್ಲಿ ಅದು 30 ಲಕ್ಷ ಆಯಿತು. ಆ ಮೊತ್ತ ನಮ್ಮಲ್ಲಿ ಯಾವ ಮನೆಗೂ ಬರುವುದು ಬೇಡ. ಫೋನು ಬಂದರೆ ಸಂಘಕ್ಕೆ ಹೇಳಿ, ಯಂತ್ರದ ಗಾಡಿಯವರ ನಂಬರು ಕೊಡ್ತೇವೆ.

ಮುಂದಿನ ಆದಿತ್ಯವಾರ ಬೆಳಿಗ್ಗೆ ಒಂಬತ್ತಕ್ಕೆ ನಾವು ಐದಾರು ಜನ ಮನೆಮನೆಗೆ ಬರ್ತೇವೆ. ಸ್ಲಾಬಿನ ಅಡಿಗೆ ಉದ್ದ ಕೋಲಿಗೆ ಕಟ್ಟಿದ ಸುತ್ತಿಗೆಯಿಂದ ಮೆಲ್ಲ ಬಡಿದು ನೋಡುವುದು. ಗಟ್ಟಿ ಇದ್ದಲ್ಲಿ ಠಣ್ ಅನ್ನುತ್ತದೆ, ಒಳಗೆ ಬಿಟ್ಟುಕೊಂಡಲ್ಲಿ ಡಬ್ ಅನ್ನುತ್ತದೆ. ಡಬ್ ಅಂದಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ ಫೋಟೋ ತೆಗೆದು, ಬಿದ್ದ ಚಕ್ಕೆ ಇದ್ದರೆ ಕವರ್ ಅಳೆದು ಒಂದು ಪುಸ್ತಕದಲ್ಲಿ ಬರೆಯುತ್ತೇವೆ. ಆ ಪುಸ್ತಕವನ್ನು ಬರುವ ಗ್ರಾಮಸಭೆಗೆ ಕೊಂಡುಹೋಗುವುದು. ಏಣಿ ಮಾವ ಕೊಡ್ತಾರೆ, ಹೆಲ್ಮೆಟ್ ಬೈಕ್ ಇದ್ದವರು ತನ್ನಿ. ಚಕ್ಕೆ ಬಿದ್ದ ಮನೆಯವರು ದಯವಿಟ್ಟು ಅದನ್ನು ಗುಡಿಸಿ ಬಿಸಾಡಬೇಡಿ, ಒಂದು ಚೀಲದಲ್ಲಿ ಹಾಕಿಡಿ.

ಜೈ ಭೀಮ್.